ಮಾವನ ಬೆನ್ನಿಗೆ ಐದು ಏಟು

ಊಟಕ್ಕೆ ಕೂತವರಿಗೆ ನೆತ್ತಿಗೆ ಹತ್ತಿದರೆ ನಮ್ಮೂರಿನಲ್ಲಿ ಎಲ್ಲರೂ ಮಾಡುವುದು ಒಂದೇ. ನೆತ್ತಿ ತಟ್ಟುತ್ತೇವೆ, ಒಂದು ಲೋಟ ನೀರು ಕೊಡುತ್ತೇವೆ, ‘ಯಾರೋ ನೆನೆಸ್ಕೊಂಡ್ರು’ ಅನ್ನುತ್ತೇವೆ. ನಾನೂ ಐವತ್ತು ವರ್ಷ ಹಾಗೇ ಮಾಡಿದವಳು. ಆದ್ದರಿಂದ ಪಕ್ಕದ ಮನೆಯ ಕಮಲಾಕ್ಷಮ್ಮನೊಬ್ಬಳನ್ನೇ ಬೈದು ಪ್ರಯೋಜನವಿಲ್ಲ.

ಅವಳ ಸೊಸೆ ಮಾನಸ ನಮ್ಮೂರ ಮಹಿಳಾ ಸಂಘದ ಪರವಾಗಿ ಕಡೂರಿಗೆ ಹೋಗಿ ಒಂದು ದಿನದ ಪ್ರಥಮ ಚಿಕಿತ್ಸೆ ತರಬೇತಿ ಪಡೆದು ಬಂದಳು. ಮರುದಿನ ಸಂಜೆ ಜಗಲಿಯ ಮೇಲೆ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳತೊಡಗಿದಳು.

“ಗಂಟಲಿಗೆ ಏನಾದ್ರೂ ಸಿಕ್ಕಾಕ್ಕೊಂಡ್ರೆ ಮೊದ್ಲು ನೋಡಿ, ಕೆಮ್ಮಕ್ಕೆ, ಮಾತಾಡಕ್ಕೆ ಆಗ್ತೈತಾ ಅಂತ. ಆಗ್ತಿದ್ರೆ ಜೋರಾಗಿ ಕೆಮ್ಮಕ್ಕೆ ಹೇಳಿ, ಅಷ್ಟೇ. ಸದ್ದೇ ಬರ್ತಿಲ್ಲ, ಉಸಿರೇ ಆಡ್ತಿಲ್ಲ ಅಂದ್ರೆ ಮುಂದಕ್ಕೆ ಬಗ್ಗಿಸಿ, ಬೆನ್ನ ಮೇಲೆ ಎರಡೂ ಹೆಗಲ ಮೂಳೆ ನಡುವೆ ಅಂಗೈ ಬುಡದಿಂದ ಐದು ಏಟು ಹೊಡೀಬೇಕು. ಅದಕ್ಕೂ ಬರ್ಲಿಲ್ಲ ಅಂದ್ರೆ ಹಿಂದೆ ನಿಂತು ಹೊಟ್ಟೆ ಬಳಸಿ ಐದು ಸಲ ಒಳಕ್ಕೂ ಮೇಲಕ್ಕೂ ಜಗ್ಗಬೇಕು.”

“ನೀರು?” ಅಂದೆ ನಾನು.

“ಬ್ಯಾಡ ಶಕುಂತಲಕ್ಕ. ದಾರಿನೇ ಕಟ್ಟಿರುವಾಗ ನೀರು ಎಲ್ಲಿಗೆ ಹೋಗ್ತೈತೆ?”

ಕಮಲಾಕ್ಷಮ್ಮ ಸೊಪ್ಪು ಬಿಡಿಸುತ್ತಾ ನಕ್ಕಳು. “ನೋಡ್ರೇ, ನನ್ ಸೊಸೆ ಒಂದೇ ದಿನಕ್ಕೆ ಡಾಕ್ಟ್ರಾಗ್ಬಿಟ್ಳು! ಉಸಿರು ಕಟ್ಟಿದೋರ್ಗೆ ಯಾರಾದ್ರೂ ಗುದ್ದು ಹಾಕ್ತಾರೇನೇ?”

ಅವಳ ಬಾಯಿ ಹೀಗೆ. ಸೊಸೆಯೆಂದರೆ ಮಾತ್ರ ಪ್ರಾಣ. ‘ನಮ್ ಮಾನಸ ಟ್ರೈನಿಂಗ್ ಮಾಡ್ಕೊಂಡು ಬಂದವ್ಳೆ’ ಅಂತ ಬೆಳಗಿನಿಂದ ಬೀದಿಗೆಲ್ಲ ಸಾರಿದ್ದವಳೂ ಇವಳೇ.

ಮುಂದಿನ ವಾರ ಒಂದು ಮಧ್ಯಾಹ್ನ ನಾನು ಅವರ ಮನೆಯಲ್ಲೇ ಇದ್ದೆ. ಕಮಲಾಕ್ಷಮ್ಮನ ಗಂಡ ಸಿದ್ದಪ್ಪಣ್ಣ ಹೊಸ್ತಿಲ ಮೇಲೆ ಕೂತು ಒಣಕೊಬ್ಬರಿ, ಬೆಲ್ಲ ಮೆಲ್ಲುತ್ತಿದ್ದರು. ಹಲ್ಲು ಅರ್ಧಕ್ಕರ್ಧ ಇಲ್ಲ, ಚಪಲ ಮಾತ್ರ ಪೂರ್ತಿ. ತಿನ್ನುತ್ತಾ ತಿನ್ನುತ್ತಾ ಏನೋ ಹೇಳಿ ತಾವೇ ನಕ್ಕರು. ನಗು ಅರ್ಧಕ್ಕೆ ನಿಂತಿತು. ಎರಡೂ ಕೈ ಗಂಟಲಿಗೆ ಹೋದವು.

“ಅಯ್ಯೋ, ನೆತ್ತಿಗೆ ಹತ್ತಿತು!” ಕಮಲಾಕ್ಷಮ್ಮ ಓಡಿಬಂದು ತಲೆ ತಟ್ಟಿದಳು, ನೆತ್ತಿಗೆ ಊದಿದಳು. “ಯಾರೋ ನೆನೆಸ್ಕೊಂಡ್ರು ಕಣ್ರೀ. ಕೆಮ್ಮಿ, ಕೆಮ್ಮಿ!”

ನಾನು ನೀರು ತಂದೆ. ಸಿದ್ದಪ್ಪಣ್ಣ ಕೆಮ್ಮಲಿಲ್ಲ. ಬಾಯಿ ತೆರೆದಿತ್ತು, ಸದ್ದಿಲ್ಲ. ಮುಖ ಕಪ್ಪಗಾಗುತ್ತಿತ್ತು.

ಮಾನಸ ಒಳಗಿನಿಂದ ಓಡಿಬಂದವಳು ಮಾವನ ಎದುರು ಗಕ್ಕನೆ ನಿಂತಳು. ಯಾಕೆಂದು ನನಗೆ ಗೊತ್ತು. ಆ ಮನೆಯಲ್ಲಿ ಸೊಸೆ ಮಾವನ ಎದುರು ಕುರ್ಚಿಯ ಮೇಲೂ ಕೂರುವುದಿಲ್ಲ. ಇನ್ನು ಮೈ ಮುಟ್ಟುವುದೆಲ್ಲಿಂದ ಬಂತು? ಒಂದೇ ಕ್ಷಣ. ಆಮೇಲೆ ನನ್ನ ಕೈಯ ಲೋಟ ತಳ್ಳಿದಳು.

“ನೀರು ಬ್ಯಾಡ! ಶಕುಂತಲಕ್ಕ, 108ಕ್ಕೆ ಫೋನ್ ಮಾಡಿ!”

ನಾನು ಫೋನ್ ಹಚ್ಚಿದೆ. ಅವಳು ಮಾವನನ್ನು ಎಬ್ಬಿಸಿ ನಿಲ್ಲಿಸಿ, ಎದೆಗೆ ಒಂದು ಕೈ ಆನಿಸಿ, ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಹೊಡೆದಳು. ಒಂದು. ಎರಡು.

“ಲೇ ಮಾನಸ! ಮಾವನ್ನ ಹೊಡೀತೀಯೇನೇ!” ಕಮಲಾಕ್ಷಮ್ಮ ಅವಳ ಕೈ ಹಿಡಿದು ಎಳೆದಳು.

“ಬಿಡಿ ಅತ್ತೆ! ಮಾವ ಉಳೀಬೇಕು!”

ಮದುವೆಯಾಗಿ ಆರು ವರ್ಷಕ್ಕೆ ಅತ್ತೆಯ ಮೇಲೆ ಅವಳು ಕೂಗಿದ್ದು ಅದೇ ಮೊದಲು. ಕೈ ಕಿತ್ತುಕೊಂಡು ಐದು ಏಟು ಪೂರ್ತಿ ಮಾಡಿದಳು. ಚೂರು ಬರಲಿಲ್ಲ. ಹಿಂದೆ ನಿಂತು ಎರಡೂ ತೋಳಿನಿಂದ ಮಾವನ ಹೊಟ್ಟೆ ಬಳಸಿದಳು. ಹೊಕ್ಕಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು, ಇನ್ನೊಂದು ಕೈಯಿಂದ ಅದನ್ನು ಹಿಡಿದು, ಒಳಕ್ಕೂ ಮೇಲಕ್ಕೂ ಜಗ್ಗಿದಳು. ಮೂರನೆಯ ಸಲಕ್ಕೆ ಹೆಬ್ಬೆರಳು ಗಾತ್ರದ ಕೊಬ್ಬರಿ ಚೂರು ಅಂಗಳಕ್ಕೆ ಹಾರಿತು. ಸಿದ್ದಪ್ಪಣ್ಣನ ಉಸಿರು ಕೊರ್ ಎಂದು ಒಳಗೆ ಹೋಯಿತು.

ಮಾನಸ ಮಾವನ ಕಾಲು ಹಿಡಿದಳು. “ತಪ್ಪಾಯ್ತು ಮಾವ, ಹೊಡ್ದುಬಿಟ್ಟೆ.”

“ಏಳವ್ವ,” ಅಂದರು ಸಿದ್ದಪ್ಪಣ್ಣ, ದನಿ ಇನ್ನೂ ಒಡೆದಿತ್ತು. “ನಮ್ಮಪ್ಪ ಹೊಡ್ದಿದ್ದು ಇದಕ್ಕಿಂತ ಜೋರಾಗಿತ್ತು.”

ಆಂಬುಲೆನ್ಸ್ ಬಂತು. ಚೂರು ಹೊರಬಿದ್ದರೂ ಆಸ್ಪತ್ರೆಗೆ ಹೋಗಲೇಬೇಕೆಂದು ಮಾನಸ ಹಠ ಹಿಡಿದಳು. ಹೊಟ್ಟೆ ಅದುಮಿದಾಗ ಒಳಗೆ ಪೆಟ್ಟಾಗಿರಬಹುದಂತೆ. ಡಾಕ್ಟರು ನೋಡಿ, ಏನೂ ತೊಂದರೆಯಿಲ್ಲವೆಂದು ಕಳಿಸಿದರು.

ಸಂಜೆ ಕಮಲಾಕ್ಷಮ್ಮ ಸೊಸೆಯ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಈ ಕೈನ ನಾನ್ ಎಳ್ದೆ ಕಣೇ. ನೀನೇನಾದ್ರೂ ನನ್ ಮಾತು ಕೇಳಿದ್ದಿದ್ರೆ...” ಮಾತು ಮುಗಿಸಲಾಗದೆ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ನಂಗೂ ಹೇಳ್ಕೊಡು ಮಗ,” ಅಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಇದು ಯಾರಿಗೆ ಗೊತ್ತು? ಒಬ್ಬರಿಗೆ ಗೊತ್ತಿದ್ದರೆ ಸಾಲದು. ಆ ಒಬ್ಬರಿಗೇ ಉಸಿರು ಕಟ್ಟಿದರೆ? ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರದ ನರ್ಸ್ ಅವರನ್ನೋ ಕೇಳಿ, ತರಬೇತಿ ಎಲ್ಲಿದ್ದರೂ ಹೋಗಿ ಕಲಿಯಿರಿ. ಬಸುರಿಗೆ, ವರ್ಷ ತುಂಬದ ಕೂಸಿಗೆ ಹೊಟ್ಟೆ ಅದುಮಬಾರದು. ಅವರಿಗೆ ಮಾಡುವ ರೀತಿಯೇ ಬೇರೆ, ಅದನ್ನೂ ಕಲಿಯಿರಿ. ಅತ್ತೆ, ಮಾವ, ದೊಡ್ಡವರು ಅಂತ ಕೈ ಹಿಂದೆ ತೆಗೆಯಬೇಡಿ. ಆಂಬುಲೆನ್ಸ್ ಊರು ಮುಟ್ಟಲು ಹೊತ್ತು ಬೇಕು. ಕಟ್ಟಿದ ಉಸಿರು ಅಷ್ಟು ಹೊತ್ತು ಕಾಯುವುದಿಲ್ಲ. ಆಗ ಅವರ ಪಕ್ಕದಲ್ಲಿ ಇರುವವರು ನೀವೇ.