ಚಿಗರೆಯ ಸಾವಿನ ಪತ್ರ

ಮೂವತ್ತೊಂದು ವರ್ಷದಿಂದ ಪ್ರಿಂಟಿಂಗ್ ಪ್ರೆಸ್ ನಡೆಸುತ್ತಿದ್ದೇನೆ. ನನ್ನ ಕೈಯಿಂದ ಒಂದು ತಪ್ಪೂ ಅಚ್ಚಾಗಿ ಹೊರಗೆ ಹೋಗಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದವನು. ಬೇರೆ ಪ್ರೆಸ್ಸಿನ ಮದುವೆ ಕಾಗದ ಕೈಗೆ ಸಿಕ್ಕರೆ ಮೊದಲು ತಪ್ಪು ಹುಡುಕುತ್ತೇನೆ, ಆಮೇಲೆ ಮದುವೆ ಯಾರದ್ದೆಂದು ನೋಡುತ್ತೇನೆ. ಇದು ಒಳ್ಳೆಯ ಬುದ್ಧಿಯಲ್ಲ ಎಂದು ಹೆಂಡತಿ ಹೇಳುತ್ತಲೇ ಬಂದಿದ್ದಾಳೆ. ಅವಳ ಮಾತನ್ನು ಕಿವಿಗೆ ಹಾಕಿಕೊಂಡವನಲ್ಲ ನಾನು.

ಆ ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದೆ. ಮುಖದ ತುಂಬ ನೊರೆ. ಅಂಗಡಿಯವನನ್ನು ನಾವು ಕರೆಯುವುದು ಕತ್ತರಿ ಎಂದು. ಅವನ ಬಾಯಿಯೂ ಹಾಗೇ ಕೆಲಸ ಮಾಡುತ್ತದೆ. ನನ್ನ ಹಿಂದೆ ಗೋಡೆಗೆ ಆತುಕೊಂಡ ಬೆಂಚಿನ ಮೇಲೆ ನನ್ನ ಹೆಂಡತಿಯ ತಮ್ಮ, ಲಾರಿ ಡ್ರೈವರ್, ಕಾಲು ಚಾಚಿ ಕೂತಿದ್ದ. ಅವನ ಪಕ್ಕದಲ್ಲಿ ರಿಟೈರಾದ ಲೆಕ್ಕದ ಮೇಷ್ಟ್ರು ಪೇಪರ್ ಹಿಡಿದಿದ್ದರು. ಹನ್ನೆರಡು ವರ್ಷದಿಂದ ಒಂದೇ ಫುಟ್‌ಬಾಲ್ ಟೀಮಿಗೆ ಗಂಟಲು ಹರಿದುಕೊಳ್ಳುತ್ತಿರುವ ನಾಲ್ವರು ನಾವು. ಎರಡು ವಾರದಿಂದ ನಮಗೆ ಒಂದೇ ಮಾತು: ಚಿಗರೆ ಯಾಕೆ ಬಿಟ್ಟು ಹೋದ?

ಚಿಗರೆ ಎಂದರೆ ಜಿಂಕೆಯ ಹಾಗೆ ಓಡುವ ನಮ್ಮ ಟೀಮಿನ ಹತ್ತನೇ ನಂಬರಿನ ಆಟಗಾರ. ಎಲ್ಲಿಂದಲೋ ಬಂದ, ಎರಡು ವರ್ಷ ಆಡಿದ, ನಲವತ್ತು ಗೋಲು ಹೊಡೆದ. ಆ ತಿಂಗಳ ಏಳನೇ ತಾರೀಖು ಒಂದೇ ಒಂದು ಪೆನಾಲ್ಟಿ ಆಚೆ ಒದ್ದ. ಮುಂದಿನ ಶನಿವಾರದ ಮ್ಯಾಚಿಗೆ ಬರಲೇ ಇಲ್ಲ. ಸೋಮವಾರ ಕೇಳಿದರೆ ಹೆಂಡತಿ ಮಗಳನ್ನು ಕಟ್ಟಿಕೊಂಡು ಊರೇ ಬಿಟ್ಟಿದ್ದ.

"ದುಡ್ಡಿಗೆ ಮಾರ್ಕೊಂಡ, ಅಷ್ಟೇ. ಅದರಲ್ಲಿ ತಲೆ ಕೆರ್ಕೊಳೋದೇನಿದೆ?" ಎಂದ ಭಾಮೈದ.

"ಅಲ್ಲಪ್ಪಾ, ಕೋಚ್ ಜೊತೆ ಸರಿ ಇರಲಿಲ್ಲ. ಆಟದ ಮಧ್ಯೆ ಹೊರಗೆ ಕರೆಸಿದಾಗ ಕೈ ಕುಲುಕದೆ ಹೋದ, ನೋಡ್ಲಿಲ್ವಾ ನೀನು?" ಎಂದರು ಮೇಷ್ಟ್ರು.

"ಇಬ್ಬರಿಗೂ ಗೊತ್ತಿಲ್ಲ ಬಿಡಿ," ಎಂದ ಕತ್ತರಿ, ಕತ್ತಿಯನ್ನು ಪೇಪರ್ ಚೂರಿಗೆ ಒರೆಸುತ್ತಾ. "ಅವನ ಹೆಂಡತಿಗೆ ಇಲ್ಲಿನ ನೀರು ಒಗ್ಗಲಿಲ್ಲವಂತೆ. ಕೂದಲು ಉದುರ್ತಿತ್ತಂತೆ."

"ನಿನಗೆ ಬರೀ ಕೂದಲಿನ ಚಿಂತೆ!" ಎಂದು ನಾನು ನೊರೆಯೊಳಗಿಂದಲೇ ಗೊಣಗಿದೆ. ಎಲ್ಲರೂ ನಕ್ಕರು. ಭಾಮೈದ ಮಾತ್ರ ನಗಲಿಲ್ಲ. ಅವನಿಗೆ ಚಿಗರೆ ಎಂದರೆ ಪ್ರಾಣ. ಲಾರಿಯ ಹಿಂದೆ ದೊಡ್ಡದಾಗಿ ಹತ್ತು ಎಂದು ಬರೆಸಿದ್ದವನು ಆ ಸೋಮವಾರವೇ ಅದರ ಮೇಲೆ ಬಣ್ಣ ಬಳಿದುಬಿಟ್ಟಿದ್ದ. ಬಳಿಯುವಾಗ ಅತ್ತನಂತೆ, ನನ್ನ ಹೆಂಡತಿ ಹೇಳಿದಳು.

ಮೇಷ್ಟ್ರು ಪೇಪರಿನ ಮೊದಲ ಪುಟ ಮಡಿಸುತ್ತಿದ್ದವರು ತಟಕ್ಕನೆ ಕೈ ನಿಲ್ಲಿಸಿದರು. "ಇಲ್ಲೇ ಇದೆಯಲ್ರೀ! ಚಿಗರೆ ಬಾಯಿ ಬಿಟ್ಟಿದ್ದಾನೆ." ಕನ್ನಡಕ ಸರಿ ಮಾಡಿಕೊಂಡು ಗಟ್ಟಿಯಾಗಿ ಓದಿದರು. "ನಾನು ಹಣಕ್ಕಾಗಿ ಹೋಗಲಿಲ್ಲ. ಪೆನಾಲ್ಟಿ ತಪ್ಪಿದ ಮೂರನೇ ದಿನ ಮನೆಗೆ ಒಂದು ಕಾಗದ ಬಂತು. ಬರುವ ಶನಿವಾರ, ಹದಿನಾಲ್ಕನೇ ತಾರೀಖು, ನಾನು ಸಾಯುತ್ತೇನೆ ಎಂದು ಅದರಲ್ಲಿತ್ತು. ನನಗೆ ಆರು ವರ್ಷದ ಮಗಳಿದ್ದಾಳೆ. ಉಳಿದದ್ದು ಏಳನೇ ಪುಟದಲ್ಲಿ."



"ಯಾವನವನು?" ಎಂದ ಭಾಮೈದ. ಎದ್ದು ನಿಂತಿದ್ದ. "ಯಾವನವನು ಬರೆದಿದ್ದು? ಸಿಗಲಿ ಕೈಗೆ. ಬರೆದ ಕೈ ಮುರಿದು ಇನ್ನೊಂದು ಕೈಗೆ ಕೊಡ್ತೀನಿ."

ಅದು ಬಾಯಿಮಾತಲ್ಲ. ಹೋದ ವರ್ಷ ಎದುರು ಟೀಮಿನವನೊಬ್ಬನ ಎರಡು ಹಲ್ಲು ಉದುರಿಸಿ ಒಂದು ದಿನ ಠಾಣೆಯಲ್ಲಿ ಕೂತು ಬಂದವನು ಅವನು. ನನಗೂ ಮೈ ಉರಿಯಿತು. ಮನೆಗೆ ಅಂಥ ಕಾಗದ ಕಳಿಸುವವನು ಮನುಷ್ಯನೇ ಎಂದು ಬೈಯಲು ಬಾಯಿ ತೆರೆದೆ. ಆಗಲೇ ಕನ್ನಡಿಯ ಕಡೆ ಕಣ್ಣು ಹೋಯಿತು.

ಇಲ್ಲಿ ನಮ್ಮದೊಂದು ಪದ್ಧತಿ ಹೇಳಬೇಕು. ನಮ್ಮ ಟೀಮಿನ ಯಾರಾದರೂ ಆಟ ಕೆಡಿಸಿದರೆ ನಾವು ಅವನ ಹೆಸರಿನಲ್ಲಿ ಶ್ರದ್ಧಾಂಜಲಿ ಪತ್ರ ಅಚ್ಚು ಹಾಕುತ್ತೇವೆ. ಕಪ್ಪು ಅಂಚು, ಮಧ್ಯದಲ್ಲಿ ಫೋಟೊ, ಕೆಳಗೆ 'ಇಂತಹ ದಿನ ನಮ್ಮನ್ನಗಲಿದರು, ಇಂತಿ ದುಃಖತಪ್ತ ಅಭಿಮಾನಿಗಳು'. ನಿಜವಾದ ಸಾವಿನ ಪತ್ರದ ಹಾಗೇ ಇರಬೇಕು. ಗಂಭೀರವಾಗಿದ್ದಷ್ಟೂ ನಗು ಜಾಸ್ತಿ. ತಮಾಷೆ ಇರುವುದು ತಾರೀಖಿನಲ್ಲಿ ಮಾತ್ರ: ಅವನು ಆಟ ಕೆಡಿಸಿದ ದಿನವೇ ಅವನು ಸತ್ತ ದಿನ. ನಾಲ್ಕು ಪ್ರತಿ ಮಾಡುತ್ತೇವೆ. ಒಂದು ಕ್ಲಬ್ಬಿನ ಗೇಟಿಗೆ, ಒಂದು ಈ ಅಂಗಡಿಯ ಗೋಡೆಗೆ, ಒಂದು ನನ್ನ ಫೈಲಿಗೆ, ಒಂದು ಆ ಆಟಗಾರನಿಗೇ. ಹಳೇ ಗೋಲ್‌ಕೀಪರ್ ತನ್ನದಕ್ಕೆ ಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕಿದ್ದಾನೆ. ಆ ಆಟಗಾರ ಮತ್ತೆ ಗೋಲು ಹೊಡೆಯುವವರೆಗೆ, ಗೋಲ್‌ಕೀಪರಾದರೆ ಗೋಲು ಉಳಿಸುವವರೆಗೆ, ಗೋಡೆಯ ಪತ್ರವನ್ನು ಹರಿಯುವ ಹಾಗಿಲ್ಲ. ನಾನೇ ಮಾಡಿದ ನಿಯಮ.

ಚಿಗರೆಗೆ ಎರಡು ವರ್ಷದಲ್ಲಿ ಅದೇ ಮೊದಲ ಪತ್ರ. ಅದು ಬೆಂಚಿನ ಮೇಲ್ಗಡೆ, ಭಾಮೈದನ ಹೆಗಲಿನಾಚೆ, ಗೋಡೆಯಲ್ಲಿತ್ತು. ನನಗೆ ಕಾಣುತ್ತಿದ್ದುದು ಕನ್ನಡಿಯಲ್ಲಿ, ಅಕ್ಷರಗಳೆಲ್ಲ ಹಿಂದುಮುಂದಾಗಿ. ಬೇರೆಯವರಿಗೆ ಅದು ಗೀಚು. ನಾನು ಕೆಲಸ ಕಲಿತದ್ದು ಸೀಸದ ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ. ತಿರುಗುಮುರುಗು ಅಕ್ಷರ ನನಗೆ ನೀರು ಕುಡಿದಷ್ಟು ಸಲೀಸು.

ಹದಿನಾಲ್ಕನೇ ತಾರೀಖು, ಶನಿವಾರ, ಸಂಜೆ ನಾಲ್ಕು ಗಂಟೆಗೆ, ಎಂದಿತ್ತು.

ಏಳು ಇರಬೇಕಿತ್ತು. ಪೆನಾಲ್ಟಿ ಆದ ಎರಡನೇ ದಿನ, ಸೋಮವಾರ, ಕಂಪ್ಯೂಟರಿನಲ್ಲಿ ಮುಂದಿನ ಮ್ಯಾಚಿನ ಪೋಸ್ಟರ್ ತೆರೆದುಕೊಂಡಿದ್ದೆ. ತಾರೀಖಿನ ಸಾಲು ಅಲ್ಲಿಂದ ಎತ್ತಿ ಇಲ್ಲಿ ಹಾಕಿದ್ದೆ. ಪ್ರೂಫ್ ನೋಡಿದ ಮೇಷ್ಟ್ರು ಮೂಲೆಯಲ್ಲಿ 'ಸರಿ' ಎಂದು ಬರೆದಿದ್ದರು. ಆಟ ಕೆಡಿಸಿದವನ ಗೇಲಿ ಅಂದುಕೊಂಡು ನಾನು ಅಚ್ಚು ಹಾಕಿದ್ದು ಒಬ್ಬ ಮನುಷ್ಯನ ಸಾವಿನ ದಿನವನ್ನು, ಅದೂ ಐದು ದಿನ ಮುಂಚೆ.

ಇನ್ನೊಮ್ಮೆ ಓದಲು ಕೊರಳು ಮುಂದಕ್ಕೆ ಚಾಚಿದೆ.

"ಅಲ್ಲಾಡಬೇಡಿ, ಗಂಟಲ ಹತ್ತಿರ ಇದ್ದೀನಿ," ಎಂದ ಕತ್ತರಿ.

ಅಲ್ಲಾಡಿದೆ. ಗಲ್ಲದ ಕೆಳಗೆ ಚುರುಕ್ ಎಂದಿತು. ಅವನು ಬೈದುಕೊಂಡು ನೊರೆ, ರಕ್ತ ಎರಡನ್ನೂ ಪೇಪರ್ ಚೂರಿಗೆ ಒರೆಸಿದ.

ನನ್ನ ತಲೆ ಓಡತೊಡಗಿತು. ನನ್ನ ಫೈಲಿನ ಪ್ರತಿ ಸುಡಬೇಕು. ಕಂಪ್ಯೂಟರಿನಲ್ಲಿರುವುದನ್ನು ಅಳಿಸಬೇಕು. ಗೇಟಿನದ್ದನ್ನು ಅಂದೇ ಕಾವಲಿನವನು ಕಿತ್ತಿರುತ್ತಾನೆ, ಓದಿರುತ್ತಾನೋ ಇಲ್ಲವೋ. ಪೊಲೀಸರು ಆ ಕಾಗದ ಹಿಡಿದುಕೊಂಡು ಪ್ರೆಸ್ಸುಗಳಿಗೆ ಬಂದರೆ ನನ್ನ ಕಪ್ಪು ಅಂಚನ್ನು ಗುರುತು ಹಿಡಿಯದವರು ಯಾರು? ಈ ಊರಿನ ಅರ್ಧ ಸಾವು ಅದೇ ಅಂಚಿನಲ್ಲಿ ಅಚ್ಚಾಗಿದೆ. ಅದಕ್ಕಿಂತ ಮೊದಲು ಭಾಮೈದ. ಅವನು ಒಮ್ಮೆ ಹಿಂದಕ್ಕೆ ತಿರುಗಿ ಓದಿದರೆ ಸಾಕು.

"ಆ ಹಾಳು ಕಾಗದ ಇನ್ನೂ ಯಾಕೆ ಇಟ್ಕೊಂಡಿದ್ದೀಯಾ?" ಎಂದೆ ಕತ್ತರಿಗೆ. "ಹೋದವನು ಹೋದ. ತೆಗೆದು ಬಿಸಾಕು."

"ಗೋಲು ಹೊಡೆಯೋವರೆಗೂ ಹರಿಯೋ ಹಾಗಿಲ್ಲ ಅಂದವರು ಯಾರು? ನೀವೇ ಅಲ್ವಾ?"

"ಇರಲಿ ಬಿಡಿ ಭಾವ," ಎಂದ ಭಾಮೈದ. ತಿರುಗಿ ಗೋಡೆ ನೋಡಿದ. ಅವನು ನೋಡಿದ್ದು ಫೋಟೊ ಮಾತ್ರ. ಹೆಬ್ಬೆರಳಿನಿಂದ ಅದರ ಧೂಳು ಒರೆಸಿದ. "ಪಾಪ, ಇವನನ್ನ ಹೋಗಿ ದುಡ್ಡಿಗೆ ಮಾರ್ಕೊಂಡ ಅಂದ್ನಲ್ಲ ನಾನು. ನಮ್ಮ ಹತ್ತಿರ ಉಳಿದಿರೋದು ಇದೊಂದೇ."

ಈಗಲೇ ಹೇಳು ಎಂದು ಒಳಗೊಂದು ದನಿ ಹೇಳಿತು. ಹೇಳಲಿಲ್ಲ. ನಾನು ಹೆದರಿದ್ದೆ, ಅಷ್ಟೇ. ಅದಕ್ಕೆ ಬೇರೆ ಹೆಸರು ಕೊಡುವುದಿಲ್ಲ.

"ಮೇಷ್ಟ್ರೇ, ಏಳನೇ ಪುಟ ಓದಿ. ಆ ನನ್ಮಗನ ಗುರುತು ಏನಾದ್ರೂ ಕೊಟ್ಟಿರ್ತಾರೆ," ಎಂದ ಭಾಮೈದ.

ಮೇಷ್ಟ್ರು ಮಗುಚಿದರು. ಏಳನೇ ಪುಟ ಇರಲಿಲ್ಲ. ಕತ್ತರಿ ನಾಲಿಗೆ ಕಚ್ಚಿಕೊಂಡ. "ಹಳೇ ಪೇಪರ್ ಮುಗಿದಿತ್ತು. ಒಳಗಿನ ಹಾಳೆ ಬರೀ ಜಾಹೀರಾತು ಅಂತ ಬೆಳಿಗ್ಗೆ ಒರೆಸೋಕೆ ಕತ್ತರಿಸಿಬಿಟ್ಟೆ."

ಒಂದು ಕ್ಷಣ ಅವನ ಕಾಲು ಮುಟ್ಟಿ ನಮಸ್ಕರಿಸೋಣ ಅನಿಸಿತು. ಆದರೆ ಭಾಮೈದ ಬಿಡುವ ಆಸಾಮಿಯಲ್ಲ. ನೆಲಕ್ಕೆ ಕೂತು, ಕೂದಲು ತುಂಬಿದ ಡಬ್ಬಿಯೊಳಗೆ ಕೈ ಹಾಕಿ, ನೊರೆ ಮೆತ್ತಿದ ಚೂರುಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಅಷ್ಟು ದಪ್ಪ ಬೆರಳುಗಳು ಅಷ್ಟು ನಾಜೂಕಾಗಿ ಕೆಲಸ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಎರಡು ಚೂರು ಸಿಕ್ಕವು. ಒಂದರ ಮೇಲೆ ನನ್ನ ರಕ್ತವಿತ್ತು. ಅವನು ಅದನ್ನು ತನ್ನ ಅಂಗಿಗೆ ಒರೆಸಿ ಮೇಷ್ಟ್ರಿಗೆ ಕೊಟ್ಟ.

ಮೇಷ್ಟ್ರು ಎರಡನ್ನೂ ಜೋಡಿಸಿ ಹಿಡಿದು ನಿಧಾನವಾಗಿ ಓದಿದರು. "ಬಾಗಿಲು ತೆರೆದವಳು ನನ್ನ ಮಗಳು. ಕಾಗದ ತಂದವನು ನಗುತ್ತಿದ್ದನಂತೆ. ಅವಳ ಕೆನ್ನೆ ಹಿಂಡಿ, ಅಪ್ಪನಿಗೆ ಕೊಡು ಪುಟ್ಟಿ, ಓದಿ ನಗ್ತಾರೆ, ಅಂದನಂತೆ. ಈಗ ಯಾರಾದರೂ ನಗುತ್ತಾ ಹತ್ತಿರ ಬಂದರೆ ಅವಳು ಓಡಿ ಬಂದು ನನ್ನ ಕಾಲು ತಬ್ಬಿಕೊಳ್ಳುತ್ತಾಳೆ."

ಪತ್ರ ತಲುಪಿಸುವ ಕೆಲಸ ಯಾವಾಗಲೂ ಭಾಮೈದನದ್ದು.

ಅವನು ನೆಲದಿಂದ ಏಳಲು ತುಂಬ ಹೊತ್ತು ತೆಗೆದುಕೊಂಡ. ಎದ್ದು ಗೋಡೆಯ ಪತ್ರ ಬಿಡಿಸಿ, ಬಾಗಿಲ ಬೆಳಕಿಗೆ ಹೋಗಿ, ಶಾಲೆಯ ಮಕ್ಕಳ ಹಾಗೆ ಸಾಲಿನ ಕೆಳಗೆ ಬೆರಳಿಟ್ಟು ಓದಿದ. "ಹದಿನಾಲ್ಕನೇ ತಾರೀಖು." ಮತ್ತೆ ಓದಿದ. ಆಮೇಲೆ ನನ್ನ ಕಡೆ ತಿರುಗಿದ. "ಮ್ಯಾಚ್ ಇದ್ದಿದ್ದು ಏಳಕ್ಕಲ್ವಾ ಭಾವ?"

ಬೈದು ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆನೇನೋ. ಅವನು ಕೇಳಿದ್ದು ಗೊತ್ತಿಲ್ಲದವನು ಗೊತ್ತಿದ್ದವನನ್ನು ಕೇಳುವ ಹಾಗೆ. ಮೇಷ್ಟ್ರ ಮುಖ ಬಿಳುಚಿಕೊಂಡಿತ್ತು. "ನಾನು ಅಕ್ಷರ ಮಾತ್ರ ನೋಡ್ದೆ," ಎಂದರು ಸಣ್ಣ ದನಿಯಲ್ಲಿ. ಅವರ ತಲೆಗೆ ಕಟ್ಟಿಬಿಡಬಹುದಿತ್ತು. ಆ ಯೋಚನೆಯೂ ಬಂತು.

"ತಪ್ಪು ನಂದು," ಎಂದೆ. "ಪೋಸ್ಟರಿನ ತಾರೀಖು ಹಾಕಿಬಿಟ್ಟೆ. ಈಗ ಕನ್ನಡಿಯಲ್ಲಿ ನೋಡ್ದೆ."

ಬಲಗೈಯನ್ನು ಬಟ್ಟೆಯ ಕೆಳಗಿಂದ ಹೊರಗೆ ತೆಗೆದು ಕುರ್ಚಿಯ ಕೈ ಮೇಲೆ ಇಟ್ಟೆ. ಬರಲಿ, ಮುರಿಯಲಿ. ಅವನು ಹತ್ತಿರ ಬಂದ. ಕಣ್ಣು ಮುಚ್ಚಿಕೊಂಡೆ. ಏನೂ ಆಗಲಿಲ್ಲ. ಕಣ್ಣು ಬಿಟ್ಟಾಗ ಅವನು ತನ್ನ ಬಾಯಿಯನ್ನು ತನ್ನದೇ ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡು ನಿಂತಿದ್ದ.

"ನಾನು ನಕ್ಕಿದ್ದೆ ಭಾವ," ಎಂದ ಬೆರಳ ಸಂದಿಯಿಂದ. "ಕೆನ್ನೆ ಹಿಂಡ್ದೆ. ನಮ್ಮ ಚಿಕ್ಕಿಯಷ್ಟೇ ಇದ್ಲು."

ಅವನ ಕಿರಿಯ ಮಗಳನ್ನು ನಾವು ಕರೆಯುವುದು ಚಿಕ್ಕಿ ಎಂದು. ಅವನು ನನ್ನ ಕೈ ಮುರಿದಿದ್ದರೆ ಚೆನ್ನಾಗಿತ್ತು.

ಠಾಣೆಗೆ ಹೋಗೋಣ ಎಂದವರು ಮೇಷ್ಟ್ರು. ಎಲ್ಲ ಹೇಳಿಬಿಡೋಣ, ಚಿಗರೆಗೆ ಪೊಲೀಸರೇ ತಿಳಿಸಲಿ, ಕನಿಷ್ಠ ಆ ಮಗುವಿಗೆ ಯಾರೂ ಅಪ್ಪನನ್ನು ಕೊಲ್ಲಲು ಬಂದಿರಲಿಲ್ಲ ಎಂದಾದರೂ ಗೊತ್ತಾಗಲಿ ಎಂದರು. ಕತ್ತರಿ ಷಟರ್ ಎಳೆದ. ನನ್ನ ಅರ್ಧ ಮುಖದಲ್ಲಿ ಇನ್ನೂ ನೊರೆಯಿದೆ ಎನ್ನುವುದು ಯಾರಿಗೂ ಹೊಳೆಯಲಿಲ್ಲ, ನನಗೂ ಸಹ.

ಬೀದಿಯಲ್ಲಿ ಜನ ನನ್ನನ್ನು ನೋಡಿ ನಗುತ್ತಿದ್ದರು. ತಿರುವಿನಲ್ಲಿ ಚಿಕ್ಕಿ ತನ್ನ ಗೆಳತಿಯರೊಂದಿಗೆ ಆಡುತ್ತಿದ್ದಳು. "ಮಾವನ ಮುಖ ನೋಡ್ರೇ!" ಎಂದು ಕಿರುಚಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಅಪ್ಪನನ್ನು ಕಂಡು ಎರಡೂ ಕೈ ಚಾಚಿಕೊಂಡು ಓಡಿ ಬಂದಳು. ದಿನಾ ಹಾಗೆ ಬಂದವಳನ್ನು ಅವನು ಎತ್ತಿ ಗಾಳಿಯಲ್ಲಿ ತಿರುಗಿಸಿ ಕೆನ್ನೆ ಹಿಂಡುತ್ತಿದ್ದ.

ಆ ದಿನ ಅವನು ನನ್ನ ಹಿಂದೆ ಬಚ್ಚಿಟ್ಟುಕೊಂಡ. ಕೆನ್ನೆ ಹಿಂಡಿದ ಆ ಕೈ ಹಿಂದಿನಿಂದ ನನ್ನ ಅಂಗಿಯನ್ನು ಬಿಗಿಯಾಗಿ ಹಿಡಿದಿತ್ತು.