ಇನ್ನೊಂದ್ಸಲ ಹೇಳು

ಚೀಲದ ಜಿಪ್ ತೆಗೆಯುವ ಹಾಗಿಲ್ಲ ಎಂದು ಬಿಳಿ ಸೂಟಿನ ಆಳು ಮತ್ತೊಮ್ಮೆ ಕೈಯಲ್ಲಾಡಿಸಿದ. ಮಗ ಬಿಡಲಿಲ್ಲ. ವ್ಯಾನಿನ ಹಿಂಬಾಗಿಲಿಗೆ ತೋಳು ಅಡ್ಡ ಕೊಟ್ಟು ನಿಂತುಬಿಟ್ಟಿದ್ದ.

"ಮುಖ ಒಂದು ತೋರ್ಸಿ ಸಾಕು. ನಮ್ಮಮ್ಮ ದೂರದಿಂದಾನೇ ನೋಡ್ತಾರೆ."

"ರೂಲ್ಸ್ ಇಲ್ಲ ಸಾರ್."

"ಒಳಗಿರೋದು ನಮ್ಮಪ್ಪನೇ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

"ಕಾಲ ಹತ್ರ ಚೀಟಿ ಕಟ್ಟಿದಾರೆ ನೋಡಿ. ಬಿಡಿ ಸಾರ್, ಹಿಂದೆ ಇನ್ನೊಂದು ಗಾಡಿ ಕಾಯ್ತಿದೆ."

ಈ ಮಾತುಗಳಲ್ಲಿ ಒಂದೂ ಮುದುಕಿಗೆ ಕೇಳಿಸಲಿಲ್ಲ. ಹೂಳುವ ಜಾಗದ ಸುತ್ತ ಸುಣ್ಣದಲ್ಲಿ ವೃತ್ತಗಳನ್ನು ಎಳೆದಿದ್ದರು, ಒಬ್ಬರಿಗೆ ಒಂದು. ತನ್ನ ಪಾಲಿನ ವೃತ್ತದೊಳಗೆ ಆಕೆ ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಹುಡುಗಿಯ ಹಾಗೆ ನಿಂತಿದ್ದಳು. ಎಡಗಿವಿ ಪೂರ್ತಿ ಹೋಗಿ ಯಾವ ಕಾಲವೋ ಆಗಿತ್ತು. ಬಲಗಿವಿಗೆ ಹತ್ತಿರ ಬಂದು ಗಟ್ಟಿಯಾಗಿ ಹೇಳಿದರೆ ಅಷ್ಟಿಷ್ಟು ಬೀಳುತ್ತಿತ್ತು. ಮಿಕ್ಕಿದ್ದನ್ನೆಲ್ಲ ಜನರ ತುಟಿ ನೋಡಿಯೇ ತಿಳಿದುಕೊಂಡು ಬದುಕಿದವಳು. ರೋಗ ಬಂದು ಊರಿನ ಬಾಯಿಗಳೆಲ್ಲ ಬಟ್ಟೆಯ ಹಿಂದೆ ಹೋದ ಮೇಲೆ ಆಕೆಯ ಕಿವುಡು ಪೂರ್ಣವಾಗಿತ್ತು.

ಸೊಸೆ ತನ್ನ ವೃತ್ತ ಬಿಟ್ಟು ಬಂದು ಆಕೆಯ ಬಲಗಿವಿಗೆ ಬಗ್ಗಿದಳು.

"ಮುಖ ತೋರ್ಸಲ್ವಂತೆ ಅತ್ತೆ."

"ಬೇಡ ಬಿಡು. ಮುಖ ನಾನು ನೋಡಿದೀನಿ" ಎಂದಳು ಮುದುಕಿ.

ಯಾವಾಗ ನೋಡಿದಳು ಎಂದು ಸೊಸೆ ಕೇಳಲಿಲ್ಲ. ದುಃಖದಲ್ಲಿರುವವರು ಏನೇನೋ ಹೇಳುತ್ತಾರೆ. ಆಸ್ಪತ್ರೆಯ ಗೇಟು ದಾಟಿ ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ ಎನ್ನುವುದು ಮನೆಯವರಿಗೆಲ್ಲ ಗೊತ್ತಿತ್ತು.

ಮಗ ಸೋತು ವ್ಯಾನು ಬಿಟ್ಟು ಬಂದ. ಲಿಫ್ಟ್ ರಿಪೇರಿಯವನು, ಮುರಿದದ್ದಕ್ಕೆಲ್ಲ ಒಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂದು ನಂಬಿದವನು. ಅಪ್ಪನ ಸಾವಿಗೂ ಕಾರಣ ಹುಡುಕಿಟ್ಟಿದ್ದ. ಆಮ್ಲಜನಕದ ಮಾಸ್ಕನ್ನು ರೋಗಿ ತಾನೇ ಕಿತ್ತುಕೊಂಡರು, ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ ಎಂದು ಆಸ್ಪತ್ರೆಯವರು ಫೋನಿನಲ್ಲಿ ಹೇಳಿದ್ದರು. ಹಾಗಾದರೆ ಆ ಹೊತ್ತಿನಲ್ಲಿ ನರ್ಸ್ ಎಲ್ಲಿ ಹಾಳಾಗಿ ಹೋಗಿದ್ದಳು? ಬೆಳಗ್ಗೆಯಿಂದ ಅವನ ಬಾಯಲ್ಲಿ ಇದೇ ಮಾತು.

"ಇಲ್ಲಿಂದ ನೆಟ್ಟಗೆ ಆಸ್ಪತ್ರೆಗೇ ಹೋಗ್ತೀನಿ. ಅವಳ ಕೆಲಸ ತೆಗೆಸ್ದೆ ಇದ್ರೆ ನಾನು ಅಪ್ಪನಿಗೆ ಹುಟ್ಟಿದೋನೇ ಅಲ್ಲ" ಎಂದು ಹೆಂಡತಿಗೆ ಹೇಳಿದ.

ಗಂಡನ ಕಣ್ಣು ಕೆಂಡವಾಗಿರುವುದನ್ನು ನೋಡಿ ಸೊಸೆ ಅದನ್ನೂ ಅತ್ತೆಯ ಕಿವಿಗೆ ಹಾಕಿದಳು, ತಡೆಯುವುದಿದ್ದರೆ ಅತ್ತೆಯೇ ತಡೆಯಲಿ ಎಂದು. ಮುದುಕಿ "ನರ್ಸಮ್ಮಂದು ತಪ್ಪಿಲ್ಲ, ಬೇಡ ಅನ್ನು ಅವನಿಗೆ" ಎಂದಳು.

ಮಗ ಹತ್ತಿರ ಬಂದು ಕೂಗಿ ಹೇಳಿದ: "ನಿಂಗೇನಮ್ಮ ಗೊತ್ತು? ನೀನು ಅಲ್ಲಿದ್ಯಾ?"

ಅಲ್ಲಿದ್ದೆ ಎನ್ನಲು ಆಕೆಗೆ ನಾಲಗೆ ಏಳಲಿಲ್ಲ.

*

ಮುದುಕಿ ಹರೆಯದಲ್ಲಿ ದುಡಿದ ನೇಯ್ಗೆ ಮಿಲ್ಲಿನ ಶೆಡ್ಡಿನಲ್ಲಿ ಮಾತಿಗೆ ಜಾಗವಿರಲಿಲ್ಲ. ಸಾಲುಮಗ್ಗಗಳು ಒಟ್ಟಿಗೆ ಬಡಿಯತೊಡಗಿದರೆ ಪಕ್ಕದವರ ಕಿರುಚಾಟವೂ ಕೇಳಿಸದು. ಹಾಗೆಂದು ದಿನವಿಡೀ ಬಾಯಿ ಕಟ್ಟಿಕೊಂಡಿರಲು ಯಾರಿಂದಾದೀತು? ಅಲ್ಲಿಯವರು ತುಟಿಯಲ್ಲೇ ಮಾತಾಡುತ್ತಿದ್ದರು. ದನಿ ಹೊರಡಿಸುವ ಕೆಲಸವೇ ಇಲ್ಲ. ಒಂದೊಂದು ಮಾತನ್ನೂ ಅಗಿದು, ಹಲ್ಲು ನಾಲಗೆ ಕಾಣುವ ಹಾಗೆ ಎದುರಿನವರ ಕಡೆಗೆ ಬಿಡಬೇಕು. ಹೊಸಬರು ಕೆಲವು ತಿಂಗಳು ಪೆಚ್ಚುಮೋರೆ ಹಾಕಿಕೊಂಡು ತಿರುಗಿ, ಆಮೇಲೆ ಎಲ್ಲರಿಗಿಂತ ಹೆಚ್ಚು ಹರಟುತ್ತಿದ್ದರು. ಮೇಸ್ತ್ರಿಯೂ ಅದೇ ಮಗ್ಗದಿಂದ ಮೇಲೆ ಬಂದವನಾದ್ದರಿಂದ ಅವನ ಹೊಟ್ಟೆಯ ಸುದ್ದಿಯನ್ನು ಅವನು ಅತ್ತ ತಿರುಗಿದ ಮೇಲೇ ಎತ್ತಬೇಕಿತ್ತು. ಬೆನ್ನ ಹಿಂದೆ ಆಡಿಕೊಳ್ಳುವುದು ಎಂದರೆ ಅಲ್ಲಿ ನಿಜವಾಗಿಯೂ ಬೆನ್ನ ಹಿಂದೆ.

ಅವಳ ಮಗ್ಗದ ಎದುರು ಸಾಲಿನಲ್ಲಿ, ಈಗ ಚೀಲದೊಳಗಿರುವವನ ಮಗ್ಗ. ಒಂದು ಕಡೆ ನಿಂತವನಲ್ಲ. ಎಳೆ ಕಡಿದಲ್ಲೆಲ್ಲ ಅತ್ತಿಂದಿತ್ತ ಓಡುತ್ತಿದ್ದವನಿಗೆ ಮಿಲ್ಲಿನವರು ಲಾಳಿ ಎಂದು ಹೆಸರಿಟ್ಟಿದ್ದರು, ನೂಲು ಹೊತ್ತು ಮಗ್ಗದ ಆ ತುದಿಯಿಂದ ಈ ತುದಿಗೆ ಓಡುವ ಲಾಳಿಯ ಹೆಸರು. ಒಂದು ಮಧ್ಯಾಹ್ನ ಅವನು ಮಗ್ಗಗಳ ಮೇಲಿಂದ ಮೊದಲ ಸಲ ಅವಳ ಕಡೆ ನೋಡಿ ಕೇಳಿದ್ದು, "ಊಟ ಆಯ್ತಾ?"

ಅದಕ್ಕಿಂತ ಸುಲಭದ ಮಾತು ಆ ಶೆಡ್ಡಿನಲ್ಲಿ ಇನ್ನೊಂದಿಲ್ಲ. ಅವಳಿಗೆ ಒಂದೇ ಸಲಕ್ಕೆ ಗೊತ್ತಾಯಿತು. ಆದರೂ, "ಏನಂದೆ? ಕಾಣಿಸ್ಲಿಲ್ಲ. ಇನ್ನೊಂದ್ಸಲ ಹೇಳು" ಎಂದಳು. ತನಗಾಗಿ ಒಬ್ಬ ಅಷ್ಟು ಜೋಪಾನವಾಗಿ ಬಾಯಿ ತೆರೆದು ಮುಚ್ಚುವುದನ್ನು ಮತ್ತೆ ನೋಡಬೇಕೆನ್ನಿಸಿತ್ತು. ಅವನು ಮತ್ತೆ ಹೇಳಿದ. ಮರುದಿನವೂ ಹಾಗೇ. ಮದುವೆ ಆಗ್ತೀಯಾ ಎಂದು ಕೇಳಿದ ದಿನವಂತೂ ಅವಳು ಎಷ್ಟು ಸಲ ಹೇಳಿಸಿದಳೆಂದರೆ ಅವನ ಮಗ್ಗದಲ್ಲಿ ಬಟ್ಟೆ ಕೆಟ್ಟು ಮೇಸ್ತ್ರಿಯಿಂದ ಬೈಸಿಕೊಂಡ.

"ಗೊತ್ತಾಗಿರುತ್ತೆ ನಿಂಗೆ. ಬೇಕಂತ ಆಟ ಆಡಿಸ್ತೀಯ" ಎನ್ನುತ್ತಿದ್ದ. ಎಂದರೂ ಮತ್ತೆ ಹೇಳುತ್ತಿದ್ದ. ಮದುವೆಯಾದ ಮೇಲೂ ಹೇಳಿದ, ಮಿಲ್ಲು ಮುಚ್ಚಿ ಇಬ್ಬರೂ ಮನೆ ಸೇರಿದ ಮೇಲೂ ಹೇಳಿದ. ಅಷ್ಟು ಹೊತ್ತಿಗೆ ಮಗ್ಗಗಳು ಅವನ ಎರಡೂ ಕಿವಿಗಳನ್ನು ತಿಂದು ಮುಗಿಸಿದ್ದವು. ಜನರ ಎದುರು ಬಾಯಿಬಿಟ್ಟು ಕರೆಯುವಾಗ ಅವಳು "ರೀ" ಎನ್ನುತ್ತಿದ್ದಳು, "ನೀವು" ಎನ್ನುತ್ತಿದ್ದಳು. ತುಟಿಯಲ್ಲಿ ಮಾತ್ರ ಕೊನೆಯವರೆಗೂ "ನೀನು". ಮನೆಗೆ ಬಂದವರು ಇವರಿಬ್ಬರನ್ನೂ ನೋಡಿ ಮುನಿಸಿಕೊಂಡು ಕೂತಿದ್ದಾರೆ ಎಂದುಕೊಳ್ಳುತ್ತಿದ್ದರು. ಅವರ ಕಣ್ಣೆದುರೇ ಜಗಳ ಜೋರಾಗಿ ನಡೆದು, ರಾಜಿಯೂ ಆಗಿ ಹೋಗಿರುತ್ತಿತ್ತು.

ಮಗನಿಗೆ ಆ ಮಾತು ಕಲಿಸಲಿಲ್ಲ. ಅವನು ಮಿಲ್ಲಿಗೆ ಹೋಗುವುದು ಬೇಡ, ಮಿಲ್ಲಿನ ಮಾತು ಅವನಿಗೇಕೆ ಎಂದುಕೊಂಡರು. ಚಿಕ್ಕವನಿದ್ದಾಗ ಅವನು ಅಪ್ಪನ ಮುಖ, ಅಮ್ಮನ ಮುಖ ತಿರುತಿರುಗಿ ನೋಡಿ ಬೇಸತ್ತು ಎದ್ದು ಹೋಗುತ್ತಿದ್ದ.

*

ಚೀಲವನ್ನು ವ್ಯಾನಿನಿಂದ ಇಳಿಸಿದರು. ಎಷ್ಟು ಉದ್ದ ಕಂಡಿತೆಂದರೆ, ಇವನು ಇಷ್ಟು ಎತ್ತರ ಇರಲಿಲ್ಲವಲ್ಲ ಎಂದು ಮುದುಕಿಗೆ ಒಂದು ಕ್ಷಣ ಅನುಮಾನ ಬಂತು. ಮಣ್ಣೆಳೆಯುವ ಯಂತ್ರ ಆಚೆ ನಿಂತು ಹೊಗೆ ಬಿಡುತ್ತಿತ್ತು. ಅದರ ಅದುರು ಅಂಗಾಲಿಗೆ ತಾಗುತ್ತಿತ್ತು, ಹಿಂದೆ ಶೆಡ್ಡಿನ ನೆಲದ ಅದುರು ತಾಗುತ್ತಿದ್ದ ಹಾಗೆ.

ತಂತಿಬೇಲಿಯ ಆಚೆ ಯಾರೋ ಕೈಬೀಸುತ್ತಿದ್ದರು. ಗುಬ್ಬಿ. ಮಿಲ್ಲಿನಲ್ಲಿ ಪಕ್ಕದ ಮಗ್ಗದವಳು. ಆ ಗಾತ್ರಕ್ಕೆ ಗುಬ್ಬಿ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ, ಈಗ ಅವನೂ ಇದ್ದಾನೋ ಇಲ್ಲವೋ. ಮನೆಯವರಿಗೆ ಬಿಟ್ಟು ಬೇರೆಯವರಿಗೆ ಒಳಗೆ ಪ್ರವೇಶವಿರಲಿಲ್ಲ. ಮಂಡಿನೋವಿನ ಕಾಲು ಎಳೆದುಕೊಂಡು ಅಷ್ಟು ದೂರ ಬಂದವಳು ಬೇಲಿಯ ಹೊರಗೇ ನಿಂತಿದ್ದಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಮಾಸ್ಕನ್ನು ಗಲ್ಲಕ್ಕೆ ಇಳಿಸಿದಳು.

ಬಹಳ ದಿನದ ಮೇಲೆ ಒಂದು ಬಾಯಿ ಕಂಡಿತು. ಮುದುಕಿಗೆ ಅಷ್ಟಕ್ಕೇ ಅಳು ಬಂತು.

"ಲಾಳಿ ಕಷ್ಟಪಟ್ನಾ?" ಎಂದು ಕೇಳಿದವು ಗುಬ್ಬಿಯ ತುಟಿಗಳು.

*

ಹಿಂದಿನ ದಿನ ಬಟ್ಟೆಯ ಗಂಟು ಕೊಟ್ಟು ಬರುತ್ತೇನೆಂದು ಆಕೆ ಆಸ್ಪತ್ರೆಗೆ ಹೋಗಿದ್ದಳು. ಗೇಟಿನಲ್ಲಿ ಗಂಟು ತೆಗೆದುಕೊಳ್ಳಲು ಬಂದ ನರ್ಸ್ ಏನೋ ಹೇಳಿದಳು. ಮುದುಕಿ ತನ್ನ ಕಿವಿ ಮುಟ್ಟಿ ತೋರಿಸಿದಳು. ನರ್ಸ್ ಗೇಟಿನ ಕಂಬಿಗೆ ಬಾಯಿ ತಂದು ಕೂಗಿ ಕೇಳಿದಳು, "ತಾತನಿಗೂ ಹಿಂಗೇನಾ? ಅದಕ್ಕೇ ನಾವು ಏನು ಹೇಳಿದ್ರೂ ಪಿಳಿಪಿಳಿ ನೋಡ್ತಾರೆ. ದಿನಾ ಎಲ್ಲರ ಬಾಯಿ ಹತ್ರಾನೇ ನೋಡ್ತಿರ್ತಾರೆ."

ನೋಡದೆ ಏನು ಮಾಡಿಯಾನು. ಅಲ್ಲಿ ಇದ್ದವರಿಗೆಲ್ಲ ಬಾಯಿಯೇ ಇರಲಿಲ್ಲ.

ನರ್ಸ್ ಆಕೆಯನ್ನು ಕಟ್ಟಡ ಸುತ್ತಿಸಿ ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದಳು. ವಾರ್ಡಿನ ಕಿಟಕಿಯೊಂದು ಆ ಕಡೆಗಿತ್ತು. ತೆರೆಯಲು ಬಾರದ ಗಾಜು. ನರ್ಸ್ ಆಕೆಯ ಬಲಗಿವಿಗೆ ಬಗ್ಗಿ ಹೇಳಿದಳು.

"ಗಾಜು ಮುಟ್ಬೇಡಿ ಅಜ್ಜಿ. ಇಲ್ಲಿ ಬಯಲು, ಯಾರೂ ಇಲ್ಲ. ಮಾಸ್ಕ್ ಇಳಿಸಿ ಮಾತಾಡಿ. ಯಾರಿಗಾದ್ರೂ ಗೊತ್ತಾದ್ರೆ ನನ್ನ ಕಥೆ ಮುಗೀತು. ಐದೇ ನಿಮಿಷ."

ಮಂಚ ಗಾಜಿಗೆ ಸಮೀಪದಲ್ಲೇ ಇತ್ತು. ಒಳಗೆ ಹೋದ ನರ್ಸ್ ಅವನ ತಲೆಯನ್ನು ಮೆಲ್ಲಗೆ ಕಿಟಕಿಯ ಕಡೆಗೆ ತಿರುಗಿಸಿದಳು. ಅಷ್ಟರಲ್ಲಿ ಎದುರಿನ ಹಾಸಿಗೆಯವರು ಕರೆದರೆಂದು ಕಾಣುತ್ತದೆ, ಆ ಕಡೆ ಬೆನ್ನು ತಿರುಗಿಸಿ ಬಗ್ಗಿದಳು.

ಹೆಂಡತಿಯ ಬಾಯಿ ಕಂಡು ಅವನ ಕಣ್ಣು ಅರಳಿದವು. "ಹೆಂಗಿದೀಯ?" ಎಂದು ಆಕೆ ಕೇಳಿದಳು. ಅವನ ಮೂಗು ಬಾಯಿಗಳ ಮೇಲೆ ಆಮ್ಲಜನಕದ ಮಾಸ್ಕು ಹಬೆಗಟ್ಟಿತ್ತು. ಅವನು ಕೈಯೆತ್ತಿ ಅದನ್ನು ಗಲ್ಲಕ್ಕೆ ಎಳೆದ. ತುಟಿ ನೀಲಿಯಾಗಿ ಒಡೆದಿದ್ದವು. ಆದರೂ ಮಗ್ಗದ ಮೇಲಿಂದ ಹೇಳಿದಷ್ಟೇ ಜೋಪಾನವಾಗಿ ಹೇಳಿದ.

"ಊಟ ಆಯ್ತಾ?"

ಹೇಳಿ, ಮಾಸ್ಕನ್ನು ಮತ್ತೆ ಏರಿಸಿಕೊಂಡ.

ಆಕೆಗೆ ಗೊತ್ತಾಗಿತ್ತು. ಮಸುಕು ಗಾಜಿನಲ್ಲೂ ಒಂದೇ ಸಲಕ್ಕೆ ಗೊತ್ತಾಗಿತ್ತು. ಆಯ್ತು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆಕೆಯ ತುಟಿ ಒಂದು ಜೀವಮಾನದ ರೂಢಿಯಲ್ಲಿ, ಆ ಗಳಿಗೆಯ ಸಂತೋಷದಲ್ಲಿ, ತಾವಾಗಿಯೇ ಆಡಿಬಿಟ್ಟವು: "ಏನಂದೆ? ಕಾಣಿಸ್ಲಿಲ್ಲ. ಇನ್ನೊಂದ್ಸಲ ಹೇಳು."

ಅವನು ನಕ್ಕ. ಆಟ ಎಂದು ಅವನಿಗೂ ಗೊತ್ತಾಗಿತ್ತು. ಮತ್ತೆ ಮಾಸ್ಕಿಗೆ ಕೈ ಹಾಕಿದ. ಈ ಸಲ ದಾರ ಕಿವಿಯಿಂದ ಕಳಚಿ ಮಾಸ್ಕು ಎದೆಯ ಪಕ್ಕಕ್ಕೆ ಬಿತ್ತು. "ಊಟ" ಎಂದ. ಎರಡನೆಯ ಮಾತಿಗೆ ಬಾಯಿ ತೆರೆಯಿತು, ಮುಚ್ಚಲಿಲ್ಲ. ಮಾಸ್ಕನ್ನು ಹುಡುಕುತ್ತಿದ್ದ ಕೈ ಹೊದಿಕೆಯ ಮೇಲೆ ನಿಂತುಹೋಯಿತು.

ಆಕೆ ಗಾಜು ಬಡಿದಳು. ಕೂಗಿದಳು. ಕೂಗು ಹೊರಟಿತೋ, ಬರೀ ತುಟಿ ಆಡಿದವೋ ಆಕೆಗೇ ತಿಳಿಯದು. ನರ್ಸಿನ ಬೆನ್ನು ತಿರುಗಲು ಬಹಳ ಹೊತ್ತು ಹಿಡಿಯಿತು. ತಿರುಗಿದವಳು ಓಡಿ ಬಂದಳು, ಯಾರು ಯಾರೋ ಬಂದರು, ಪರದೆ ಎಳೆದರು. ಮರುದಿನ ಬೆಳಗ್ಗೆ ಮಗನಿಗೆ ಫೋನ್ ಬಂತು.

ಆ ಹುಡುಗಿ ಕಿಟಕಿಯ ವಿಷಯ ಯಾರಿಗೂ ಹೇಳಿರಲಿಲ್ಲ. ಮುದುಕಿಯೂ ಹೇಳಲಿಲ್ಲ.

*

ಗುಬ್ಬಿ ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು. ಮುದುಕಿ ತನ್ನ ಮಾಸ್ಕನ್ನು ಇಳಿಸಿದಳು. ಬಿಳಿ ಸೂಟಿನವನು ದೂರದಿಂದ ಕೈ ತೋರಿಸಿ ಗದರಿದ, ಆಕೆ ನೋಡಲಿಲ್ಲ. ಇಡೀ ಜಗತ್ತಿನಲ್ಲಿ ಈ ಮಾತು ತಿಳಿಯುವವಳು ಇನ್ನು ಇವಳೊಬ್ಬಳೇ.

"ನಾನೇ ಕೊಂದೆ" ಎಂದಳು, ದನಿಯಿಲ್ಲದೆ. "ಗೊತ್ತಾಗಿದ್ರೂ ಇನ್ನೊಂದ್ಸಲ ಹೇಳಿಸ್ದೆ."

ಸೊಸೆ ಅತ್ತ ನೋಡಿ, ಪಾಪ, ಪ್ರಾರ್ಥನೆ ಮಾಡುತ್ತಿದ್ದಾರೆ ಎಂದುಕೊಂಡು ತಲೆ ತಗ್ಗಿಸಿದಳು.

ಬೇಲಿಯ ಆಚೆ ಗುಬ್ಬಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡಳು. ನಿಜಕ್ಕೂ ಕಾಣಲಿಲ್ಲವೋ, ಕಂಡದ್ದನ್ನು ನಂಬಲಾಗಲಿಲ್ಲವೋ. ಅವಳ ತುಟಿಗಳು ಒಂದೊಂದೇ ಮಾತಾಗಿ ಹೇಳಿದವು.

"ಏನಂದೆ? ಕಾಣಿಸ್ಲಿಲ್ಲ. ಇನ್ನೊಂದ್ಸಲ ಹೇಳು."

ಮುದುಕಿ ಮತ್ತೆ ಹೇಳಿದಳು. ಈ ಸಲ ದನಿ ತಾನಾಗಿ ಹೊರಟಿತು. ಮಿಲ್ಲಿನವರ ದನಿ, ಬಂದರೆ ಅದಕ್ಕೆ ಅಳತೆ ಇರುವುದಿಲ್ಲ. ಯಂತ್ರದವನು ಆಗಷ್ಟೇ ಯಂತ್ರ ನಿಲ್ಲಿಸಿ ಇಳಿದಿದ್ದ. ಬಯಲಿನ ಆ ತುದಿಯವರೆಗೂ ಕೇಳಿಸಿತು.

"ಊಟ ಆಯ್ತಾ ಅಂದ್ರು. ನಂಗೆ ಒಂದೇ ಸಲಕ್ಕೆ ಗೊತ್ತಾಯ್ತು. ಆದ್ರೂ ಇನ್ನೊಂದ್ಸಲ ಹೇಳಿ ಅಂದೆ. ಅದಕ್ಕೇ ಮಾಸ್ಕ್ ತೆಗೆದ್ರು. ಆ ಹುಡುಗಿ ಪಾಪ, ನಾನು ನೋಡ್ಲಿ ಅಂತ ಕಿಟಕಿ ಹತ್ರ ಬಿಟ್ಳು. ಅವಳದೇನೂ ತಪ್ಪಿಲ್ಲ. ನಾನೇ ಮಾಡಿದ್ದು."

ಬಿಳಿ ಸೂಟಿನವರು ಹಗ್ಗ ಹಿಡಿದುಕೊಂಡೇ ತಲೆಯೆತ್ತಿದರು. ಸೊಸೆಯ ಕೈ ತನ್ನ ಮಾಸ್ಕಿನ ಮೇಲೆ ಹೋಯಿತು.

ಮಗ ತಿರುಗಿದ. ಹತ್ತಿರ ಬರಲಿಲ್ಲ, ತನ್ನ ಸುಣ್ಣದ ಗೆರೆಯೊಳಗೇ ನಿಂತಿದ್ದ. ಅವನ ಮುಖದ ನೀಲಿ ಬಟ್ಟೆ ಒಳಕ್ಕೆ ಹೋಯಿತು, ಉಬ್ಬಿತು, ಮತ್ತೆ ಒಳಕ್ಕೆ ಹೋಯಿತು. ಏನೋ ಹೇಳುತ್ತಿದ್ದ. ಕೂಗಿ ಹೇಳುತ್ತಿಲ್ಲ ಎನ್ನುವುದು ಮಾತ್ರ ಆಕೆಗೆ ತಿಳಿಯಿತು. ಕೂಗಿದ್ದರೆ ಕತ್ತಿನ ನರ ಕಾಣುತ್ತಿತ್ತು.

ಆಕೆ ಆ ಬಟ್ಟೆಯನ್ನೇ ನೋಡುತ್ತ ನಿಂತಳು. ಸ್ವಲ್ಪ ಹೊತ್ತಿಗೆ ಅದು ಆಡುವುದು ನಿಂತಿತು. ಮಗ ಕಾಯುತ್ತಿದ್ದ, ಉತ್ತರಕ್ಕೆ ಕಾಯುವವರ ಹಾಗೆ. ಯಂತ್ರ ಮತ್ತೆ ಶುರುವಾಗಿ ಅಂಗಾಲ ಕೆಳಗಿನ ನೆಲ ಅದುರತೊಡಗಿತು. ಏನಂದೆ ಎನ್ನಲು ಮುದುಕಿಯ ತುಟಿ ಒಮ್ಮೆ ಬಿಚ್ಚಿಕೊಂಡವು. ಆಮೇಲೆ ಆಕೆ ಅವನ್ನು ಬಿಗಿಯಾಗಿ ಮುಚ್ಚಿ, ಮಾಸ್ಕನ್ನು ಮೂಗಿನವರೆಗೂ ಎಳೆದುಕೊಂಡಳು.