ಶನಿವಾರದ ಬೋರ್ಡು

ಫ್ಲೆಕ್ಸಿನ ಹಗ್ಗ ಕೈಗೆ ಸಿಕ್ಕಿದ್ದೇ ತಡ, ಕುಸುಮಾ ಜಗ್ಗಿ ಎಳೆದಳು. ಒಂದು ತುದಿ ಕಿತ್ತು ಬಂದು ಜವರಯ್ಯ ಮೇಷ್ಟ್ರ ನಗುಮುಖ ಮಡಚಿಕೊಂಡಿತು. ಫೋಟೋದಲ್ಲಿ ಅವರ ಹಿಂದೆ ಹೊಸ ಸ್ಮಾರ್ಟ್ ಬೋರ್ಡು, ಅದಕ್ಕೆ ಕಟ್ಟಿದ ರಿಬ್ಬನ್ನು. ಕೆಳಗೆ ದೊಡ್ಡಕ್ಷರದಲ್ಲಿ, 'ಡಿಜಿಟಲ್ ಶಿಕ್ಷಣದ ಹರಿಕಾರರಿಗೆ ಹಸಿರುಸಿರಿ ಟ್ರಸ್ಟಿನ ಭಾವಪೂರ್ಣ ಶ್ರದ್ಧಾಂಜಲಿ'.

"ಎಂತ ಮಾಡ್ತಿದ್ದೀಯ ಮಾರಾಯ್ತಿ! ಟ್ರಸ್ಟಿನವ್ರು ಪಾಪ, ಬೆಳಿಗ್ಗೆನೇ ಪ್ರಿಂಟ್ ಹಾಕ್ಸಿ ಕಳ್ಸಿದ್ದಾರೆ," ಎಂದು ಬೆಳ್ಳಿಯಪ್ಪ ಓಡಿ ಬಂದ. ಮೇಷ್ಟ್ರೂ ಕುಸುಮಾಳೂ ಕಲಿಸುತ್ತಿದ್ದ ಕೆಸವಿನಗದ್ದೆ ಶಾಲೆಯ ಉಸ್ತುವಾರಿ ಸಮಿತಿಗೆ ಅವನೇ ಅಧ್ಯಕ್ಷ.

"ಪಾಪವಂತೆ ಪಾಪ! ಮೂರು ದಿನ ಸಾರ್‌ನ ತಮ್ಮ ಆಫೀಸಿನ ಜಗಲಿ ಮೇಲೆ ನಿಲ್ಸಿದ್ರಲ್ಲ ಬೆಳ್ಳಿಯಪ್ಪಣ್ಣ, ಆಗ ಎಲ್ಲಿ ಹೋಗಿತ್ತು ಈ ಪಾಪ? ಒಂದು ಕುರ್ಚಿ ಕೊಟ್ರಾ? ಒಂದು ಲೋಟ ನೀರು ಕೊಟ್ರಾ?"

"ಮೆಲ್ಲ ಮಾತಾಡು. ಹೆಣ ಇನ್ನೂ ಅಂಗಳದಲ್ಲಿದೆ."

ಅಂಗಳದಲ್ಲಿ ನಾಲ್ಕು ಜನ ಬಿದಿರು ಕಡಿದು ಚಟ್ಟ ಕಟ್ಟುತ್ತಿದ್ದರು. ಮೇಷ್ಟ್ರ ಹೆಂಡತಿ ಭಾಗಮ್ಮ ಗಂಡನ ತಲೆಯ ಹತ್ತಿರ ಕೂತು ಸೆರಗಿನಿಂದ ನೊಣ ಓಡಿಸುತ್ತಿದ್ದರು. ಕೆಟ್ಟ ಬೋರ್ಡಿಗೆ ಉತ್ತರ ಹೇಳಲೆಂದು ಟ್ರಸ್ಟಿನವರು ಕರೆಸಿದ್ದ ಮೇಷ್ಟ್ರು, ಮೂರನೇ ದಿನವೂ ಅವರ ಜಗಲಿಯಲ್ಲಿ ನಿಂತು ಮನೆಗೆ ಬಂದವರು ಚಪ್ಪಲಿ ಬಿಡುವಷ್ಟರಲ್ಲಿ ಕುಸಿದಿದ್ದರು. ಆಸ್ಪತ್ರೆಗೆ ಒಯ್ಯಲು ಜೀಪು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಬೆಳ್ಳಿಯಪ್ಪ ಕುಸುಮಾಳನ್ನು ಬಚ್ಚಲುಮನೆಯ ಮರೆಗೆ ಕರೆದು, ಜೇಬಿನಿಂದ ಮಡಚಿದ ಕಾಗದ ತೆಗೆದ.

"ಇದಕ್ಕೊಂದು ಸೈನ್ ಹಾಕ್ಬಿಡು. ಬೋರ್ಡು ಕೆಟ್ಟಿದ್ದು ಜವರಯ್ಯನವ್ರ ತಪ್ಪಿಂದ, ನೀನು ಕಣ್ಣಾರೆ ಕಂಡಿದ್ದೀಯ ಅಂತ. ಅಷ್ಟೇ. ಇದು ಕೊಟ್ರೆ ದಸರಾ ರಜೆ ಮುಗಿಯೋದ್ರೊಳಗೆ ಹೊಸ ಬೋರ್ಡು ಕಳಿಸ್ತಾರಂತೆ."

"ಇವತ್ತೇ ಬೇಕಿತ್ತಾ ನಿಮಗೆ ಇದು?"

"ನಾಳೆ ಅವ್ರ ಮೀಟಿಂಗ್ ಉಂಟು. ನೋಡು, ಮಕ್ಕಳಿಗೆ ಒಳ್ಳೇದಾಗ್ತದೆ. ಮುಂದಿನ ವರ್ಷಕ್ಕೂ ನಿನ್ನನ್ನೇ ತಗೊಳ್ಳೋ ಹಾಗೆ ನಾನು ಮಾತಾಡ್ತೀನಿ. ಹೋದವರಿಗೆ ಇನ್ನೆಂತ ನಷ್ಟ ಹೇಳು?"

ಕುಸುಮಾಳಿಗೆ ಮೈಯೆಲ್ಲ ಉರಿದುಹೋಯಿತು. ಆ ಕಾಗದವನ್ನು ಅವನ ಬಾಯಿಗೆ ತುರುಕಬೇಕು ಅನ್ನಿಸಿತು. ಆದರೆ ಕೈ ಮುಂದೆ ಹೋಗಿ ಅದನ್ನು ತೆಗೆದುಕೊಂಡಿತು. ಥೂ, ಇದೂ ಒಂದು ಜನ್ಮವೇ ಅಂದುಕೊಂಡಳು.

*

ಆ ಬೋರ್ಡು ಬಂದದ್ದು ಈ ವರ್ಷ ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ವಾರದಲ್ಲಿ. ಟ್ರಸ್ಟಿನಿಂದ ಬಂದ ಹುಡುಗರು ಗೋಡೆಯಿಂದ ಕರಿಹಲಗೆ ಕಿತ್ತು, ಅದೇ ಜಾಗಕ್ಕೆ ಇದನ್ನು ಕೂರಿಸಿದರು. ಕೊಟ್ಟಿಗೆಹಾರದ ಕಡೆ ಮಳೆ ಹಿಡಿಯಿತೆಂದರೆ ಹೋದ ಕರೆಂಟು ನಾಲ್ಕು ದಿನ ಮುಖ ತೋರಿಸುವುದಿಲ್ಲ. ಕರಿಹಲಗೆಯನ್ನೂ ಒಂದು ಪಕ್ಕಕ್ಕೆ ಇಟ್ಟುಕೊಳ್ಳುತ್ತೇವೆ ಎಂದು ಮೇಷ್ಟ್ರು ಕೇಳಿದ್ದಕ್ಕೆ, ಅದು ಕಂಡರೆ ಫೋಟೋ ಚೆನ್ನಾಗಿ ಬರುವುದಿಲ್ಲ ಎಂದರಂತೆ ಟ್ರಸ್ಟಿನ ಮ್ಯಾನೇಜರು. ಎಂಥಾ ಬುದ್ಧಿವಂತರು! ಕರೆಂಟಿಲ್ಲದ ದಿನ ಕುಸುಮಾ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕಲಿಸಿದಳು.

ಆದರೂ ಮೇಷ್ಟ್ರಿಗೆ ಆ ಬೋರ್ಡಿನ ಮೇಲೆ ಪ್ರೀತಿ. ಐವತ್ತೊಂಬತ್ತು ವರ್ಷದ ಮನುಷ್ಯ ನಾಲ್ಕು ಭಾನುವಾರ ಕೊಟ್ಟಿಗೆಹಾರಕ್ಕೆ ಹೋಗಿ, ಅಸದ್‌ನ ಮೊಬೈಲ್ ಅಂಗಡಿಯಲ್ಲಿ ಕೂತು ಅದರ ಕೆಲಸ ಕಲಿತರು. ಕರೆಂಟಿದ್ದ ದಿನ ಬೆರಳಲ್ಲಿ ಚಂದ್ರನನ್ನು ಎಳೆದು ಭೂಮಿಯ ಸುತ್ತ ತಿರುಗಿಸುತ್ತಿದ್ದರು. ಮೂರನೇ ಕ್ಲಾಸಿನ ಧನ್ಯಾ ಒಂದು ಸಲ ಚಂದ್ರನನ್ನು ಬೋರ್ಡಿನ ಮೂಲೆಗೆ ಒಯ್ದು ಬಿಟ್ಟಾಗ, "ಅಯ್ಯೋ, ಇವತ್ತು ಕೆಸವಿನಗದ್ದೆಗೆ ಬೆಳದಿಂಗಳೇ ಇಲ್ಲದ ಹಾಗೆ ಮಾಡಿದೆಯಲ್ಲೇ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಶನಿವಾರ ಬೋರ್ಡು ತಿಕ್ಕುವುದು ಆ ಶಾಲೆಯಲ್ಲಿ ಮೇಷ್ಟ್ರು ಬರುವ ಮುಂಚಿನಿಂದ ನಡೆದುಬಂದದ್ದು. ಮಕ್ಕಳು ಬೇಲಿಯ ತೊಂಡೆಸೊಪ್ಪು ಕಿತ್ತು, ಅಡುಗೆ ಒಲೆಯ ಇದ್ದಿಲು ಸೇರಿಸಿ ಅರೆದು, ಕರಿಹಲಗೆಗೆ ಬಳಿದು ತಿಕ್ಕುತ್ತಿದ್ದರು. ಆ ಶನಿವಾರ ಮೇಷ್ಟ್ರು ಮುಂಚೆಯೇ ಹೊರಟಿದ್ದರು. ಕುಸುಮಾಳಿಗೆ ಗೋಣಿಬೀಡಿನ ಬಸ್ಸು ಹಿಡಿಯುವ ಅವಸರ. ಬಾಗಿಲಲ್ಲಿ ನಿಂತು, "ಬೋರ್ಡ್ ತಿಕ್ಕಿ ಹೋಗಿ ಮಕ್ಳೇ," ಎಂದು ಛತ್ರಿ ಬಿಚ್ಚಿದಳು. ಕರಿಹಲಗೆ ಇದ್ದಾಗ ಪ್ರತಿ ಶನಿವಾರ ಹೇಳುತ್ತಿದ್ದ ಮಾತು, ಹಳೇ ಅಭ್ಯಾಸಕ್ಕೆ ಬಾಯಿಗೆ ಬಂತು, ಹೇಳಿದ್ದು ಅವಳ ಗಮನಕ್ಕೂ ಬರಲಿಲ್ಲ.

ಸೋಮವಾರ ಬಾಗಿಲು ತೆಗೆದರೆ ಬಿಳಿ ಬೋರ್ಡು ಪೂರ್ತಿ ಕಪ್ಪು. ಬೆರಳು ಮುಟ್ಟಿದ್ದು ಗುರುತಿಸಲು ಅಂಚಿನಲ್ಲಿದ್ದ ಸಣ್ಣ ಕಣ್ಣುಗಳ ಒಳಗೆಲ್ಲ ಸೊಪ್ಪಿನ ರಸ ಇಳಿದು ಒಣಗಿತ್ತು.

"ಮಿಸ್, ಮೂರು ಸಲ ಬಳಿದ್ವಿ. ಮೊದ್ಲು ಹಿಡೀತಾನೇ ಇರ್ಲಿಲ್ಲ," ಎಂದಳು ಧನ್ಯಾ, ಹೆಮ್ಮೆಯಿಂದ.

ಮೇಷ್ಟ್ರು ಮೊದಲು ನಕ್ಕರು. ಆಮೇಲೆ ಕುಸುಮಾಳ ಮುಖ ನೋಡಿ ನಗು ನಿಲ್ಲಿಸಿದರು. ಧನ್ಯಾಳ ತಲೆ ಸವರಿ, "ತಿಕ್ಕೋಕೆ ಹೇಳಿದ್ದು ನಾನು. ಯಾರು ಕೇಳಿದ್ರೂ ಹಾಗೇ ಹೇಳ್ಬೇಕು, ಆಯ್ತಾ ಪುಟ್ಟ?" ಎಂದರು.

"ಬೇಡ ಸಾರ್," ಎಂದಳು ಕುಸುಮಾ.

"ನಿನ್ನದು ಅತಿಥಿ ಶಿಕ್ಷಕಿ ಕೆಲಸ. ಅವ್ರು ಒಂದು ಕಾಗದ ಬರೆದ್ರೆ ನಾಳೆ ಮನೇಲಿ ಇರ್ತೀಯ. ನನಗೆ ಎಂತ ಮಾಡ್ತಾರೆ? ಆರು ತಿಂಗಳಲ್ಲಿ ರಿಟೈರ್ಡು."

"ಬೇಡ ಸಾರ್," ಎಂದು ಇನ್ನೊಂದು ಸಲ ಅಂದಳು. ಮೂರನೇ ಸಲ ಅನ್ನಲಿಲ್ಲ.

*

"ಗೋವಿಂದಾ..." ಎಂದು ಕೂಗಿ ಚಟ್ಟ ಎತ್ತಿದರು. ಮುಂದಿನ ಬಲಗಡೆಗೆ ಅಸದ್ ಹೆಗಲು ಕೊಟ್ಟಿದ್ದ. ಬೇಡ ಎನ್ನುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಬೆಳ್ಳಿಯಪ್ಪ ಪಕ್ಕದವನಿಗೆ ಹೇಳುತ್ತಿದ್ದ, "ದೇವರಂಥ ಮನುಷ್ಯ. ಆದ್ರೆ ಹಳೇ ಕಾಲದವ್ರು ನೋಡು. ಹೊಸ ಮಿಷಿನ್ನು ಅಂದ್ರೆ ಎಂತ ಅಂತ ತಿಳೀಲಿಲ್ಲ."

"ನಿಮಗಿಂತ ಚೆನ್ನಾಗಿ ತಿಳಿದಿತ್ತು ಅವ್ರಿಗೆ," ಎಂದ ಅಸದ್, ತಿರುಗಿ ನೋಡದೆ.

ಭಾಗಮ್ಮ ಎದ್ದು ಚಟ್ಟದ ಬಿದಿರು ಹಿಡಿದುಕೊಂಡರು. ಅಷ್ಟು ಹೊತ್ತು ಬಾಯಿ ಬಿಡದವರು ಗಂಡನನ್ನು ಬೈಯಲು ಶುರು ಮಾಡಿದರು.

"ಆ ಹಾಳು ಬೋರ್ಡಿಗೆ ಮಸಿ ತಿಕ್ಸಿ ಅಂತ ನಿಮಗ್ಯಾರು ಹೇಳಿದ್ರು? ಬುದ್ಧಿ ಎಲ್ಲಿಟ್ಟಿದ್ರಿ? ಮೂವತ್ತು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದವ್ರು, ನಿಮ್ಮ ಕೈಯ್ಯಾರೆ ಸತ್ರಲ್ಲ! ನಿಮ್ಮ ಕೈಯ್ಯಾರೆ!"

ಕುಸುಮಾಳಿಗೆ ಇನ್ನು ತಡೆಯಲಾಗಲಿಲ್ಲ. "ಬೈಬೇಡಿ ಅಮ್ಮ, ಅವ್ರನ್ನ ಬೈಬೇಡಿ. ಅವ್ರು ಹೇಳಿದ್ದಲ್ಲ. ತಿಕ್ಕಿ ಅಂತ ಮಕ್ಕಳಿಗೆ ಹೇಳಿದ್ದು ನಾನು."

ಭಾಗಮ್ಮ ಬಿದಿರು ಬಿಟ್ಟು ತಿರುಗಿದರು. ಅಪ್ಪಿಕೊಳ್ಳುತ್ತಾರೆ, ಹೋಗಲಿ ಬಿಡು ಅನ್ನುತ್ತಾರೆ ಎಂದು ಕುಸುಮಾ ಒಂದು ಗಳಿಗೆ ನಂಬಿಬಿಟ್ಟಳು.

"ಇವ್ರು ಮೂರು ದಿನ ಹೋಗಿ ಆ ಜಗಲೀಲಿ ನಿಂತ್ರಲ್ಲ. ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಉಣ್ತಾ ತಿಂತಾ ಇದ್ದೆ?"

ಅವಳ ಕೈಯಲ್ಲಿದ್ದ ಕಾಗದವನ್ನು ಭಾಗಮ್ಮ ನೋಡಿದರು. "ಅದೆಂತ?"

"ಸಾರ್‌ದೇ ತಪ್ಪು ಅಂತ ನನ್ನ ಕೈಲಿ ಸೈನ್ ಹಾಕ್ಸೋಕೆ ತಂದಿದ್ದಾರೆ."

ಬೆಳ್ಳಿಯಪ್ಪ ಮುಂದೆ ಬಂದ. "ಭಾಗಮ್ಮಾ, ಅದೆಲ್ಲ ಆಮೇಲೆ ನೋಡುವ. ಎತ್ತಿದ ಚಟ್ಟ ಮತ್ತೆ ಅಂಗಳದಲ್ಲಿ ಇಳಿಸೋ ಹಾಗಿಲ್ಲ, ನಿಮಗೆ ಗೊತ್ತಲ್ಲ. ನಡೀರಿ, ನಡೀರಿ."

"ಯಾರು ಇಳಿಸಿ ಅಂದಿದ್ದು?" ಭಾಗಮ್ಮ ಚಟ್ಟದ ದಾರಿಗೆ ಅಡ್ಡ ಬಂದು ನಿಂತರು. "ಹೊತ್ಕೊಂಡೇ ನಿಂತಿರಿ. ಇವಳು ನಿಜ ಬರೀಲಿ. ಬರೆದ ಮೇಲೆ ಇವ್ರು ಈ ಅಂಗಳ ದಾಟ್ಲಿ."

ಕುಸುಮಾ ಒದ್ದೆ ನೆಲದಲ್ಲೇ ಕೂತಳು. ಟೈಪು ಮಾಡಿದ ಸಾಲುಗಳ ಮೇಲೆ ಗೀಟು ಎಳೆದು, ಕಾಗದ ತಿರುಗಿಸಿ ಮಂಡಿಯ ಮೇಲಿಟ್ಟು ಬರೆದಳು. ಮುಂದಿನ ವರ್ಷವಿರಲಿ, ನಾಳೆಯೇ ತನಗೆ ಆ ಶಾಲೆಯ ಬಾಗಿಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ತನ್ನ ಹೆಸರು, ತಂದೆಯ ಹೆಸರು, ತಾರೀಖು, ಒಂದನ್ನೂ ಬಿಡಲಿಲ್ಲ.

"ಓದು," ಎಂದರು ಭಾಗಮ್ಮ.

ಓದಿದಳು. 'ನಾನೇ' ಎನ್ನುವುದನ್ನು ಬಾಯೊಳಗೇ ಅಂದು ಮುಂದಿನ ಸಾಲಿಗೆ ಹೋದಳು.

"ಕೇಳ್ಲಿಲ್ಲ. ಮೊದಲಿಂದ ಓದು. ಜೋರಾಗಿ."

ಕುಸುಮಾ ಕಣ್ಣೊರೆಸಿಕೊಂಡು ಮೊದಲಿನಿಂದ ಶುರು ಮಾಡಿದಳು. ಹನಿ ಮಳೆ ಹಿಡಿಯಿತು. ಬೆಳ್ಳಿಯಪ್ಪ ಛತ್ರಿ ಬಿಚ್ಚಿದ. ಹೊತ್ತ ನಾಲ್ವರೂ ಹೆಗಲು ಬದಲಿಸಿದರು, ಕಾಲು ಮಾತ್ರ ಯಾರೂ ಮುಂದಿಡಲಿಲ್ಲ.